ಟೆಸ್ಟ್ ಟ್ಯೂಬ್ ಮಗು

ಫೆಬ್ರವರಿ 9, ಭಾನುವಾರ. ಮುಳಬಾಗಿಲು

ಇವರ ಅಕ್ಕ ಮುನಿರತ್ನಮ್ಮನ ಮಾತು ಇನ್ನೂ ಕಿವಿಯಲ್ಲೇ ಇದೆ. ಬೈರಕೂರಿನ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ, ಪಕ್ಕದ ಹೆಂಗಸಿಗೆ ನನ್ನ ಮಗಳನ್ನು ತೋರಿಸಿ, "ಅದು ಟೆಸ್ಟ್ ಟ್ಯೂಬ್ ಮಗು ಕಣಮ್ಮ, ಯಾರ ರಕ್ತವೋ ಏನೋ" ಎಂದರು. ಹಂಸಿನಿಗೆ ಐದು ವರ್ಷ. "ಅಮ್ಮಾ, ನಾನು ಟ್ಯೂಬ್‌ಲೈಟಲ್ಲಿ ಇದ್ನಾ?" ಎಂದು ಕೇಳಿದಳು. ಎಲ್ಲರೂ ನಕ್ಕರು.

ಟ್ಯೂಬೇ ಇರಲಿಲ್ಲ. ಲ್ಯಾಬಿನಲ್ಲಿ ಅಂಗೈಯಗಲದ ಒಂದು ಗಾಜಿನ ತಟ್ಟೆ, ಅದರಲ್ಲಿ ಐದು ದಿನ. ಆಮೇಲೆಲ್ಲ ನನ್ನ ಹೊಟ್ಟೆಯಲ್ಲೇ. ಆದರೆ ಇಲ್ಲಿಯವರ ಬಾಯಲ್ಲಿ ಆ ಇಂಗ್ಲಿಷ್ ಪದಕ್ಕೆ ಒಂದೇ ಅರ್ಥ: ಹೆಂಡತಿ ಬಂಜೆ.

ಕೊರತೆ ಇದ್ದದ್ದು ಇವರಲ್ಲಿ. "ಅಕ್ಕನಿಗೆ ಗೊತ್ತಾಗೋದು ಬೇಡ ಕಣೇ" ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದು ಬೇಡಿಕೊಂಡಿದ್ದರು. ಏಳು ವರ್ಷ ಬಾಯಿ ಮುಚ್ಚಿಕೊಂಡು ಬಂಜೆ ಅನ್ನಿಸಿಕೊಂಡೆ.

ಇವತ್ತು ಆಗಲಿಲ್ಲ. "ಯಾರ ರಕ್ತ ಅಂತ ನಿಮ್ಮ ತಮ್ಮನ್ನೇ ಕೇಳಿ ಅಕ್ಕಾ. ಡಾಕ್ಟ್ರು ಯಾರಿಗೆ ಮಾತ್ರೆ ಬರ್ಕೊಟ್ರು ಅಂತಾನೂ ಕೇಳಿ" ಎಂದೆ.

ಇವರು ತಲೆ ಎತ್ತಲಿಲ್ಲ. ಎಲೆ ನೋಡುತ್ತಲೇ "ಸ್ವಲ್ಪ ಸಾರು ಹಾಕಿ" ಎಂದರು.

ವಾಪಸ್ಸು ಬರುವಾಗ ಹಂಸಿನಿ ಬೈಕಿನ ಮೇಲೆ ನಮ್ಮಿಬ್ಬರ ನಡುವೆ ಕೂತು, ಇವರ ಬೆನ್ನಿಗೆ ಕೆನ್ನೆ ಒತ್ತಿ ನಿದ್ದೆ ಹೋದಳು. ಇವರದೇ ಮೂಗು, ಇವರದೇ ಅಗಲ ಹಣೆ. ಊರು ಹತ್ತಿರವಾದಾಗ ಇವರು ಬಾಯಿ ಬಿಟ್ಟರು:

"ಎಲ್ಲರ ಮುಂದೆ ನನ್ನ ಮಾನ ಕಳೆದೆಯಲ್ಲೇ."

ನನ್ನ ಮಾನ, ಅಂದರು. ಬೆನ್ನಿಗೊರಗಿದ್ದ ಮಗುವಿನದು ಇವರಿಗೆ ನೆನಪೇ ಆಗಲಿಲ್ಲ.