ಆಕ್ಟೋಪಸ್, ಐಫೆಲ್, ಹಳೇಬೀಡು

೯ ಫೆಬ್ರವರಿ ೨೦೨೫, ಭಾನುವಾರ

ನಿನ್ನೆ ನಯನಾ ಹೇಳಿದ ಸರಪಳಿಯಲ್ಲಿ ಸುಳ್ಳು ಯಾವುದೆಂದು ಇವತ್ತು ಸಂಜೆ ಗೊತ್ತಾಯಿತು.

ಹಾರನಹಳ್ಳಿಯಿಂದ ಅರಸೀಕೆರೆ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಎರಡು ವರ್ಷದಿಂದ ನಮ್ಮಿಬ್ಬರದು ಇದೇ ಆಟ. ಒಂದು ಸಂಗತಿಯ ಬಾಲ ಹಿಡಿದು ಇನ್ನೊಂದನ್ನು ಹೇಳುತ್ತಾ ಹೋಗಬೇಕು, ಅದರಲ್ಲಿ ಒಂದೇ ಒಂದು ಸುಳ್ಳು ಸೇರಿಸಬೇಕು. ಅದನ್ನು ಹಿಡಿಯಲಾಗದೆ ಸೋತವಳು ಕಿಟಕಿ ಸೀಟು ಬಿಡಬೇಕು. ಇಬ್ಬಿಬ್ಬರು ಜೋಡಿಯಾಗಿ ಕೂರುವ ಕ್ವಿಜ್‌ಗೆ ನಾವು ತಯಾರಾಗುತ್ತಿದ್ದುದೇ ಹೀಗೆ.

ನಿನ್ನೆ ಅವಳು ಶುರು ಮಾಡಿದಳು. ಆಕ್ಟೋಪಸ್‌ಗೆ ಮೂರು ಹೃದಯ. ಅದರ ರಕ್ತದಲ್ಲಿ ತಾಮ್ರ ಇರುವುದರಿಂದ ಬಣ್ಣ ನೀಲಿ. ಅಮೆರಿಕದ ಲಿಬರ್ಟಿ ಪ್ರತಿಮೆಯೂ ತಾಮ್ರದ್ದೇ, ಕಿಲುಬು ಹಿಡಿದು ಹಸಿರಾಗಿದೆ. ಅದರೊಳಗಿನ ಕಬ್ಬಿಣದ ಹಂದರ ಐಫೆಲ್‌ನದು. ಪ್ಯಾರಿಸ್ಸಿನ ಅವನ ಗೋಪುರ ಬೇಸಿಗೆಯ ಬಿಸಿಲಿಗೆ ಕೆಲವು ಇಂಚು ಬೆಳೆಯುತ್ತದೆ.

"ಬೇಸಿಗೆ ಅಂದ್ರೆ ನೆನಪಾಯ್ತು ಕಣೇ, ನಾಳೆ ಹಳೇಬೀಡಲ್ಲಿ ಇದ್ದ ಕ್ವಿಜ್ಜು ಬೇಸಿಗೆ ರಜಕ್ಕೆ ಮುಂದಕ್ಕೆ ಹೋಗೈತೆ."

ಹೃದಯ ಎರಡೇ ಇರಬೇಕು ಅಂದೆ. "ನೀ ಸೋತೆ ಕಣೇ" ಎಂದು ನಕ್ಕಳು. ಎದ್ದು ಸೀಟು ಬಿಟ್ಟೆ.

ಇವತ್ತು ಚನ್ನೇಶ್ ಮಾವ ಹಳೇಬೀಡಿನಿಂದ ಬಂದವರೇ, "ನಿನ್ ಗೆಳತಿ ನಿಮ್ ಕ್ಲಾಸಿನ ಶರತ್ ಜೊತೆ ಕೂತು ಕ್ವಿಜ್ ಗೆದ್ಲಲ್ಲವ್ವ, ನೀನ್ಯಾಕೆ ಬರ್ಲಿಲ್ಲ?" ಎಂದರು.

ಅವಳಿಗೆ ಫೋನ್ ಮಾಡಿದೆ.

"ನೀನು ಬಜರ್ ಒತ್ತೋದು ನಿಧಾನ ಕಣೇ" ಅಂದಳು. "ಒಂದು ಸುಳ್ಳು ಇರ್ತೈತೆ ಅಂತ ನಿಂಗೆ ಗೊತ್ತಿತ್ತಲ್ಲ."

ಗೊತ್ತಿತ್ತು. ತಾಮ್ರ, ಗೋಪುರ, ಹೃದಯ ಎಲ್ಲವನ್ನೂ ಅನುಮಾನಿಸಿದೆ. ಅನುಮಾನಿಸದೆ ಬಿಟ್ಟದ್ದು ನಮ್ಮಿಬ್ಬರ ವಿಷಯ ಒಂದನ್ನೇ.

ನಾಳೆ ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿಯಿದ್ದರೂ ನಿಂತೇ ಹೋಗುತ್ತೇನೆ.