ಎಕ್ಸ್-ರೇ ಹಾಳೆಯ ಗಿಳಿ

ಅವ್ವಾ,

ಇಲ್ಲಿ ಎಲ್ಲರೂ ಕ್ಷೇಮ ಅಂತ ಶುರು ಮಾಡುವುದಿಲ್ಲ. "ಎಲ್ಲರೂ" ಅಂದರೆ ಈಗ ನಾನೊಬ್ಬಳೇ. ನಿನಗೆ ಓದಲು ಬರುತ್ತಿರಲಿಲ್ಲ. ಊರಿಂದ ಬಂದ ಕಾಗದವನ್ನೆಲ್ಲ ನಾನೇ ಓದಿ ಹೇಳುತ್ತಿದ್ದೆ, ನೀನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ನಡುವೆ ಒಂದು ಸಾಲು ಬಿಟ್ಟರೆ ಸಾಕು, "ಏನೋ ನುಂಗಿದಿ ನೋಡು, ಹೊಳ್ಳಿ ಓದು," ಅಂತ ಹಿಡಿದುಬಿಡುತ್ತಿದ್ದೆ. ಅಂಥ ನಿನ್ನ ಎದುರಿಗೆ ಹತ್ತು ವರ್ಷ ಒಂದು ಹೆಸರನ್ನು ನುಂಗಿಕೊಂಡು ಕೂತಿದ್ದೆ ನಾನು. ಅದು ಹೇಗೆ ನಿನ್ನ ಕೈಗೆ ಸಿಗಲಿಲ್ಲ? ಇವತ್ತು ಆ ಸಾಲನ್ನು ಹೊಳ್ಳಿ ಓದುತ್ತೇನೆ. ಸಿಟ್ಟು ಬಂದರೆ ಬರಲಿ, ಪೂರ್ತಿ ಕೇಳು.

ಕರ್ಚಿಕಾಯಿಯ ಅಂಚು ಕತ್ತರಿಸುವ ನಿನ್ನ ಗಾಲಿ ಕಳೆದದ್ದು ನೆನಪಿದೆಯಾ? ಐವತ್ತೆಂಟರ ಸಂಕ್ರಾಂತಿಯ ಮುಂದೆ. ಹುಬ್ಬಳ್ಳಿಯ ಆ ಒಂದೇ ಖೋಲಿಯ ಮನೆಯನ್ನು ನೀನು ಮೂರು ಸಲ ಜಾಲಾಡಿದೆ. ಮರುದಿನ ಯಾರದೋ ಮನೆಯ ಬಸುರಿಯ ಕುಬುಸಕ್ಕೆ ಇನ್ನೂರು ಕರ್ಚಿಕಾಯಿ ಮಾಡಿಕೊಡುವುದಿತ್ತು, ಗಾಲಿ ನನ್ನ ಪಾಟಿಚೀಲದಲ್ಲಿತ್ತು. ಎಂಟನೆಯ ಇಯತ್ತೆಯಲ್ಲಿ ಡ್ರಾಯಿಂಗ್ ಬಾಯಾರು ಹಬ್ಬಕ್ಕೆ ಶುಭಾಶಯದ ಕಾರ್ಡು ಮಾಡುವುದನ್ನು ಕಲಿಸುತ್ತಿದ್ದರು. ದಪ್ಪ ಹಾಳೆಯ ಅಂಚಿಗೆ ಆ ಗಾಲಿ ಒತ್ತಿ ಓಡಿಸಿದರೆ ಎಂಥ ಚೆಂದದ ಹಲ್ಲು ಬೀಳುತ್ತಿತ್ತು ಅಂತೀ! ಡಬ್ಬಿ ಬೆಸೆಯುವ ಹುಸೇನ್ ಕಾಕಾ ಎಣ್ಣೆ ಡಬ್ಬಿಯ ತಗಡನ್ನು ಗಡಿಗೆಯ ಆಕಾರಕ್ಕೆ ಬಾಗಿಸಿ, ಒಂದು ಅಂಚು ಮಸೆದು ಅಚ್ಚು ಮಾಡಿಕೊಟ್ಟಿದ್ದ. ನಾಲ್ಕು ಹಾಳೆ ಒಟ್ಟಿಗೆ ಇಟ್ಟು, ಅಚ್ಚಿನ ಮೇಲೆ ಸುತ್ತಿಗೆಯಿಂದ ಒಂದೇಟು ಹಾಕಿದರೆ ನಾಲ್ಕು ಗಡಿಗೆ ಉದುರುತ್ತಿದ್ದವು. ಬಣ್ಣಕ್ಕೆ ಶಾಯಿಯ ಗುಳಿಗೆ, ಅರಿವೆಗೆ ಹಾಕುವ ನೀಲಿ, ಗೋಂದಿನಲ್ಲಿ ಕಲೆಸಿದ ಕುಂಕುಮ. "ಅಡಿಗಿ ಸಾಮಾನು ಒಯ್ದು ಕಾಗದಾ ಕೊರಿಯಾಕ ಕುಂತಾಳ, ಹುಚ್ಚಿ!" ಅಂತ ಬೆನ್ನಿಗೊಂದು ಕೊಟ್ಟೆ. ಕರ್ಚಿಕಾಯಿ ಮುಗಿದ ಮೇಲೆ ನೀನೇ ಗಾಲಿ ತೊಳೆದು ನನ್ನ ಚೀಲದಲ್ಲಿ ಇಟ್ಟಿದ್ದೆ.

ತೊಂದರೆ ಬಂದದ್ದು ಸ್ಟೆನ್ಸಿಲಿನಲ್ಲಿ. ರಟ್ಟಿನಲ್ಲಿ ಗಿಳಿಯನ್ನು ಕೊರೆದು, ಮೇಲೆ ಶಾಯಿಯ ಬಟ್ಟೆ ಒತ್ತಿದರೆ ಹತ್ತು ಕಾರ್ಡಿಗೇ ರಟ್ಟು ನೆನೆದು ಗಿಳಿ ಉಬ್ಬಿ ಕೋಳಿಯಾಗುತ್ತಿತ್ತು. "ಯಾರ ಮನ್ಯಾಗರೆ ಹಳೀ ಎಕ್ಸ್-ರೇ ಹಾಳಿ ಇದ್ದರ ತರ್ರಿ," ಅಂದರು ಬಾಯಾರು, "ಸೋಡಾ ಹಾಕಿದ ಬಿಸಿ ನೀರಾಗ ತಿಕ್ಕಿದರ ಕರೀದೆಲ್ಲಾ ಹೋಗಿ ಕನ್ನಡಿ ಆಗ್ತದ. ನೂರು ಕಾರ್ಡು ಮಾಡಿದ್ರೂ ನೆನಿಯೂದಿಲ್ಲ." ನನಗೆ ಕೂಡಲೇ ಟ್ರಂಕಿನ ತಳದ ಕಂದು ಕವರು ನೆನಪಾಯಿತು. ಅದು ಅಪ್ಪನ ದವಾಖಾನೆಯ ಕಾಗದ, ಮುಟ್ಟಬೇಡ ಅಂತ ನೀನು ಒಮ್ಮೆ ಹೇಳಿದ್ದೆ. ಅಪ್ಪ ಕ್ಷಯದಿಂದ ಹೋದಾಗ ನನಗೆ ಮೂರು ವರ್ಷ. ಹೋದವರ ದವಾಖಾನೆಯ ಕಾಗದ ಇನ್ನು ಯಾರಿಗೆ ಬೇಕು ಅಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ. ನೀನು ಕೆಲಸಕ್ಕೆ ಹೋದದ್ದೇ ತಡ, ಕವರಿನೊಳಗಿನ ಎಕ್ಸ್-ರೇ ಹಾಳೆಯನ್ನು ನಾಲ್ಕು ತುಂಡು ಮಾಡಿ, ಮೂರನ್ನು ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದೆ. ಒಂದರಲ್ಲಿ ಗಿಳಿ, ಒಂದರಲ್ಲಿ ಕಬ್ಬು, ಒಂದರಲ್ಲಿ ಸೂರ್ಯ. ನಾಲ್ಕನೆಯದು ನಾಳೆಗೆ ಅಂತ ಬಿಟ್ಟಿದ್ದೆ.

ಸಂಜೆ ನೀನು ಒಳಗೆ ಬಂದು ಮೊದಲು ಕೇಳಿದ್ದು, "ಬಚ್ಚಲದಾಗ ಕರೀ ನೀರು ಎಲ್ಲೀದು?" ಆಮೇಲೆ ಖಾಲಿ ಕವರು ಕಂಡಿತು. ಮೈದಾ ಹಿಟ್ಟಿನ ಕೈಯಲ್ಲೇ ನೆಲಕ್ಕೆ ಕೂತುಬಿಟ್ಟೆ. ನಾನು ಹೊಡೆತಕ್ಕೆ ತಯಾರಾಗಿ ಗೋಡೆಗೆ ಆತು ನಿಂತಿದ್ದೆ.

"ಶಾಂತಾ, ಅದು ನಿಮ್ಮಪ್ಪ."

ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ನೀನು ಉಳಿದದ್ದು ಹೇಳಿದೆ. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಅಂತ ಅಪ್ಪ ಮದುವೆಯಲ್ಲೂ ಕ್ಯಾಮರಾದ ಮುಂದೆ ನಿಲ್ಲಲಿಲ್ಲವಂತೆ. ಅವನದು ಅಂತ ಈ ಭೂಮಿಯ ಮೇಲೆ ಇದ್ದ ಚಿತ್ರ ಅದೊಂದೇ. ಪ್ರತಿ ಅಮಾವಾಸ್ಯೆಗೆ ನಾನು ಶಾಲೆಗೆ ಹೋದ ಮೇಲೆ ನೀನು ಅದನ್ನು ಕಿಟಕಿಗೆ ಹಿಡಿದು ನೋಡುತ್ತಿದ್ದೆಯಂತೆ. ನನಗೇನು ಗೊತ್ತು, ನೀನು ಯಾವತ್ತಾದರೂ ಹೇಳಿದ್ದೆಯಾ?

"ಆ ನೀರು ಎಲ್ಲಿ ಚೆಲ್ಲಿದಿ?" ಅಂತ ಕೇಳಿದೆ.

"ಬಚ್ಚಲಕ್ಕ."

"ತುಳಸಿಗರೆ ಹಾಕಬೇಕಿತ್ತವಾ."

ನೀನು ಹೊಡೆದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಮೂರನೆಯ ದಿನ ಬೆಳಗ್ಗೆ ನೀನು ಉಳಿದ ಆ ತುಂಡನ್ನು ಹಿಡಿದು ಕಿಟಕಿಯ ಹತ್ತಿರ ನಿಂತಿದ್ದೆ. ನಾನು ಹಿಂದೆ ಬಂದು ನಿಂತೆ. "ಹುಡುಗಿದ್ದಾಗ ಹುಣಸೀ ಗಿಡದಿಂದ ಬಿದ್ದು ಎಡಭುಜದ ಎಲುಬು ಮುರಕೊಂಡಿದ್ರು," ಅಂದೆ, ಹಿಂತಿರುಗಿ ನೋಡದೆ. "ಸೊಟ್ಟ ಕೂಡಿತ್ತು. ಕೈಯಾಡಿಸಿದರ ಹತ್ತತಿತ್ತು. ಹತ್ತು ವರ್ಷಾತು, ಎರಡೂ ಕಡೆ ಹುಡಕಾಕತ್ತೇನಿ, ಸಿಗವಲ್ದು. ಇದರಾಗ ಅದು ಬರಂಗಿಲ್ಲೇನೋ." ನಿನ್ನ ಬೆರಳು ಆ ನೆಟ್ಟಗಿನ ಎಲುಬಿನ ಮೇಲೆ ಹೋಗಿ ಬಂದು ಮಾಡುತ್ತಿತ್ತು. ನಾನು ನೋಡಿದ್ದು ಬೆರಳನ್ನಲ್ಲ, ಮೂಲೆಯನ್ನು. ಬೆಳಕಿಗೆ ಅಲ್ಲಿ ಬಿಳಿಯ ಇಂಗ್ಲಿಷ್ ಅಕ್ಷರ ಎದ್ದು ಕಾಣುತ್ತಿದ್ದವು. ಕೊರೆಯುವ ಅವಸರದಲ್ಲಿ ನಾನು ಅದರ ಕಡೆ ಲಕ್ಷ್ಯವನ್ನೇ ಕೊಟ್ಟಿರಲಿಲ್ಲ. ಬಿ. ತಾರಿಹಾಳ. ಮತ್ತೊಮ್ಮೆ ಓದಿದೆ. ಬಿ. ತಾರಿಹಾಳ. ನಮ್ಮಪ್ಪ ಫಕೀರಪ್ಪ ಅಣ್ಣಿಗೇರಿ.

ಅವ್ವಾ, ನಾನು ನುಂಗಿದ ಹೆಸರು ಇದು. "ಇದು ಅಪ್ಪ ಅಲ್ಲ" ಅಂತ ಅಂದಿದ್ದರೆ ನಾನು ಬಚಾವಾಗುತ್ತಿದ್ದೆ. ಅಪ್ಪನನ್ನು ಸೋಡಾ ಹಾಕಿ ತೊಳೆದವಳು ಅಂತ ಹದಿಮೂರನೆಯ ವಯಸ್ಸಿಗೆ ನನ್ನ ತಲೆಯ ಮೇಲೆ ಕೂತ ಭಾರ ಆ ಕ್ಷಣವೇ ಇಳಿಯುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ನಿನ್ನ ಆ ಬೆರಳು... ಹತ್ತು ವರ್ಷ ಅಮಾವಾಸ್ಯೆಗೊಮ್ಮೆ ನೀನು ಕಣ್ತುಂಬ ನೋಡಿದ್ದು ಯಾರೋ ಒಬ್ಬ ಪರ ಗಂಡಸಿನ ಎದೆಯನ್ನು ಅಂತ ಯಾವ ಬಾಯಿಂದ ಹೇಳಲಿ? ಸುಮ್ಮನಾದೆ. ಒಳ್ಳೆಯದೇ ಮಾಡಿದೆ ಅಂತ ಆಮೇಲೆ ನನಗೆ ನಾನೇ ಶಾಬಾಸ್ ಕೂಡ ಕೊಟ್ಟುಕೊಂಡೆ, ಸುಳ್ಳೇಕೆ ಹೇಳಲಿ.

ನೀನು ಕಿಟಕಿ ಬಿಟ್ಟು ಬಂದು ಗಿಳಿಯ ಸ್ಟೆನ್ಸಿಲ್ ಎತ್ತಿಕೊಂಡೆ. "ಇದು ಯಾವ ಕಡೀದು?" ಅಂದೆ. ನನಗೆ ತಿಳಿದಿದ್ದರೆ ತಾನೇ! "ಎದಿ ಕಡೀದು," ಅಂತ ಬಾಯಿಗೆ ಬಂದದ್ದು ಹೇಳಿದೆ. ನೀನೇ ಬಟ್ಟೆಯ ಉಂಡೆಯನ್ನು ಹಸಿರು ಶಾಯಿಯಲ್ಲಿ ಅದ್ದಿ, ಹಿಂಡಿ, ಕಾರ್ಡಿನ ಮೇಲೆ ಮೆಲ್ಲಗೆ ತಟ್ಟಿದೆ. ಹಾಳೆ ಎತ್ತಿದರೆ ಗಿಳಿ ಒಂದು ಚೂರೂ ಹರಡಿರಲಿಲ್ಲ. "ಬಾಳ ಛಲೋ ಕೊರದೀದಿ," ಅಂದೆ. "ಇಷ್ಟ ವರ್ಷ ಟ್ರಂಕಿನ್ಯಾಗ ಬಿದ್ದಿದ್ರು. ಈಗ ಪೋಸ್ಟಿನ್ಯಾಗ ಊರೆಲ್ಲಾ ತಿರಗಲಿ. ತಿರಗೂದಂದ್ರ ಬಾಳ ಸೇರತಿತ್ತು ಅವರಿಗೆ." ಆಗ ನಾನು ಅತ್ತದ್ದು ಪಶ್ಚಾತ್ತಾಪಕ್ಕೆ ಅಂತ ನೀನು ತಿಳಿದೆ.

ಅಲ್ಲಿಂದ ಒಂದು ಸಂಕ್ರಾಂತಿಯೂ ತಪ್ಪಲಿಲ್ಲ. ನಾನೇ ಡ್ರಾಯಿಂಗ್ ಬಾಯಿಯಾಗಿ ನಾವು ಧಾರವಾಡದ ಸಪ್ತಾಪುರಕ್ಕೆ ಬಂದ ಮೇಲೂ ಅಂಚಿಗೆ ನಿನ್ನ ಗಾಲಿ, ಗಡಿಗೆಗೆ ಹುಸೇನ್ ಕಾಕಾನ ಅಚ್ಚು, ನಡುವೆ ಅದೇ ಗಿಳಿ. ಒಂದು ವರ್ಷ ನೀನು ಹಟ ಮಾಡಿ ಪ್ರತಿ ಕವರಿನೊಳಗೂ ಒಂದು ಚಿಟಿಕೆ ಕುಸುರೆಳ್ಳು ಹಾಕಿಸಿದ್ದು ಮರೆತಿದ್ದೀಯಾ? ಅಂಚೆಯವನು ಠಸ್ಸೆ ಹೊಡೆದ ಏಟಿಗೆ ಕುಸುರೆಳ್ಳೆಲ್ಲ ಪುಡಿಪುಡಿ. "ಏನ್ರೀ ಬಾಯಾರ, ನಿಮ್ಮ ಸಕ್ಕರಿ ಸಲುವಾಗಿ ಥೈಲಿ ತುಂಬ ಇರವಿ ಆಗ್ಯಾವಲ್ರೀ!" ಅಂತ ಅವನು ಕೂಗಿದ್ದನ್ನು ಮನೆಗೆ ಬಂದು ಹೇಳಿದರೆ, "ಅಯ್ಯ, ನಿಮ್ಮಪ್ಪಗ ಇರವಿ ಕಡ್ಯಾಕತ್ತಾವೇನ ಪಾಪ," ಅಂತ ಸೆರಗು ಬಾಯಿಗೆ ಒತ್ತಿ ನಕ್ಕೆ. ನಿನ್ನ ಆ ನಗುವನ್ನು ನೋಡಿದಾಗಲೆಲ್ಲ ಬಿ. ತಾರಿಹಾಳ ಇನ್ನಷ್ಟು ಒಳಗೆ ಹೋಗಿ ಕೂರುತ್ತಿದ್ದ.

ಶ್ರಾವಣದಲ್ಲಿ ನೀನು ಹೋದ ದಿನ ನಿನ್ನ ತಲೆದಿಂಬಿನ ಕೆಳಗೆ ಆ ತುಂಡು ಸಿಕ್ಕಿತು. ಜೊತೆಗೆ ಕಳಿಸಿಬಿಡೋಣ ಅಂತ ಎತ್ತಿಕೊಂಡೆ. ಕೈ ಬರಲಿಲ್ಲ. ಯಾವನೋ ಬಿ. ತಾರಿಹಾಳನನ್ನು ನಿನ್ನ ಎದೆಯ ಮೇಲಿಟ್ಟು ಹೇಗೆ ಕಳಿಸಲಿ, ಅದೂ ಅಪ್ಪನ ಹತ್ತಿರ ಹೊರಟವಳನ್ನು? ನಗಬೇಡ. ಅಷ್ಟು ಅಳುವಿನ ನಡುವೆಯೂ ನನಗೆ ಹಾಗೆ ಅನ್ನಿಸಿತು.

ಈ ವರ್ಷ ನಮಗೆ ಹಬ್ಬವಿಲ್ಲ. ಆದರೂ ಹೋದ ವಾರ ಗಿಳಿಯ ಸ್ಟೆನ್ಸಿಲ್ ತೆಗೆದು ಒಂದೇ ಒಂದು ಕಾರ್ಡು ಮಾಡಿದೆ. ಇಷ್ಟು ವರ್ಷ ಯಾರ ಎದೆಯಿಂದ ಕಾರ್ಡು ಮಾಡಿದೆನೋ ಅವನಿಗೆ, ಇಲ್ಲವಾದರೆ ಅವನ ಮನೆಯವರಿಗೆ, ಒಂದಾದರೂ ಸಲ್ಲಬೇಡವೇ? ರವಿವಾರ ತಾರಿಹಾಳಕ್ಕೆ ಹೋಗಿ ಕೇಳಿದರೆ ಕಟ್ಟೆಯ ಮೇಲಿನವರು ನಕ್ಕರು. "ನಮ್ಮೂರಾಗ ಇದ್ದವರಿಗೆ ತಾರಿಹಾಳ ಅಂತ ಯಾಕ ಅಂತಾರ್ರೀ ಅಕ್ಕಾರ? ಊರು ಬಿಟ್ಟು ಹೋದವರಿಗೆ ಆ ಹೆಸರು. ರಾಯಾಪುರದಾಗ ಬಸಪ್ಪ ಅಂತ ಒಬ್ಬಾಂವ ಅದಾನ ನೋಡ್ರಿ, ಕ್ಷಯ ಆಗಿ ಉಳದಾಂವ." ರಾಯಾಪುರ! ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ, ನಾನೂ ನೀನೂ ಬಸ್ಸಿನಲ್ಲಿ ಎಷ್ಟು ಸಲ ದಾಟಿದೆವೋ ಲೆಕ್ಕವಿಲ್ಲ.

ಬಸಪ್ಪ ಅಂಗಳದಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದ. ಅಪ್ಪನ ಹೆಸರು ಹೇಳಿದ್ದೇ ತಡ, ಎದ್ದು ನಿಂತ. "ಫಕೀರಪ್ಪನ ಮಗಳೇನವಾ? ದವಾಖಾನಿ ಬಾಕಿನ ಮ್ಯಾಲ ಕೂಡೇ ಕುಂತಿದ್ವಿ. ಬಾಳ ನಗಸಾಂವ. ಎಕ್ಸ್-ರೇದಾಗ ಮಾರಿ ಬರಂಗಿಲ್ಲಂತ, ಬರೇ ಎಲುಬಂತ, ಹಂಗಾದ್ರ ಆಯುಷ್ಯಕ್ಕ ಧಕ್ಕಿ ಇಲ್ಲ ಬಿಡು ಅಂದಿದ್ದ." "ಡಾಕ್ಟರ್ ನೋಡಿ ಎಲ್ಲಾ ಹೇಳಿ ಕಳಿಸಿದ ಮ್ಯಾಲ, ಎರಡೂ ಕವರು ಒಂದರ ಮ್ಯಾಲೊಂದು ಇಟ್ಟು ನಿಮ್ಮವ್ವ ಕಟಗೊಂಡು ಬಂದ ರೊಟ್ಟಿ ತಿಂದ್ವಿ." ಅಲ್ಲೇ ಬದಲಾಗಿವೆ ಅವ್ವಾ. ನಿನ್ನ ಕೈಯಲ್ಲೇ. ಓದಲು ಬಾರದವರು ಮೂವರು, ಒಂದೇ ನಮೂನೆಯ ಎರಡು ಕವರು.

ಅವನ ಹಾಳೆಯನ್ನು ನಾನು ಗಿಳಿ, ಕಬ್ಬು, ಸೂರ್ಯ ಮಾಡಿದ್ದನ್ನು ಹೆದರುತ್ತ ಹೇಳಿ, ಉಳಿದ ತುಂಡನ್ನೂ ಕಾರ್ಡನ್ನೂ ಕೈಗಿಟ್ಟೆ. ಅವನು ಗಿಳಿಯನ್ನು ನೋಡಿ ಕೆಮ್ಮು ಬರುವ ತನಕ ನಕ್ಕ. "ಅಂದ್ರ ಹತ್ತು ವರ್ಷದಿಂದ ನಾ ಗಿಣಿ ಆಗೇನೇನವಾ! ನಮ್ಮಾಕಿಗೆ ಹೇಳಬೇಕಿದು." ಒಳಗೆ ಹೋಗಿ ದೇವರ ಮಾಡದಿಂದ ಅರಿವೆಯಲ್ಲಿ ಸುತ್ತಿದ ಕಂದು ಕವರು ತಂದ. ಆ ವರ್ಷ ತಾನು ಬದುಕಿ ಉಳಿದದ್ದಕ್ಕೆ ಅದನ್ನು ದೇವರ ಜೊತೆಗೇ ಇಟ್ಟಿದ್ದನಂತೆ. "ಇಪ್ಪತ್ತ ವರ್ಷ ನಿಮ್ಮಪ್ಪಗ ಸೋಮವಾರಕ್ಕೊಮ್ಮೆ ಈಬತ್ತಿ ಹಚ್ಚೇನಿ ನೋಡವಾ, ನಂದಂತ ತಿಳದು. ತಗೋ, ನಿಮ್ಮ ಮನಿದು ನಿಮ್ಮ ಮನಿಗೆ ಹೋಗಲಿ."

ಬಸ್ಸಿನಲ್ಲಿ ಕವರನ್ನು ಎದೆಗೆ ಅವಚಿಕೊಂಡು ಕೂತಾಗ ನನಗೆ ಒಂದು ಮಾತು ಹೊಳೆಯಿತು, ಆಮೇಲೆ ಸಪ್ತಾಪುರದವರೆಗೆ ಅತ್ತೆ. ನಾನು ಅವತ್ತೇ ಆ ಹೆಸರು ಓದಿ ಹೇಳಿದ್ದರೆ? ನೀನು ಎರಡು ದಿನ ಮುಖ ತಿರುವುತ್ತಿದ್ದೆ. ಮೂರನೆಯ ದಿನ, "ಹಂಗಾದ್ರ ನಮ್ಮದು ಅವನ ಹಂತೇಕ ಇರಬೇಕಲ, ಏಳ, ಹೋಗೂಣು," ಅಂತ ನೀನೇ ಹೊರಟು ನಿಲ್ಲುತ್ತಿದ್ದೆ. ನಿನಗದು ಹೊಳೆಯುತ್ತಿತ್ತು. ನನ್ನಂಥ ಜಾಣೆಗೆ ಹೊಳೆಯಲಿಲ್ಲ. ನಿನ್ನ ಮನಸ್ಸು ನೋಯಬಾರದು ಅಂತ ನಾನು ಬಾಯಿ ಹೊಲಿದುಕೊಂಡು ಕೂತೆ, ಅರ್ಧ ತಾಸಿನ ದಾರಿಯಲ್ಲಿ ಅಪ್ಪ ವಿಭೂತಿ ಹಚ್ಚಿಸಿಕೊಂಡು ಕೂತಿದ್ದ. ತಪ್ಪಾಯಿತು ಅವ್ವಾ. ಹಾಳೆ ಕೊರೆದದ್ದಲ್ಲ, ಇದು ತಪ್ಪು.

ಹಾಳೆ ಈಗ ನನ್ನ ಖೋಲಿಯ ಪೂರ್ವದ ಕಿಟಕಿಯಲ್ಲಿದೆ. ಇದಕ್ಕೆ ಕತ್ತರಿ ತಾಗಿಸುವುದಿಲ್ಲ, ನಿನ್ನಾಣೆ. ಮೂಲೆಯಲ್ಲಿ ಎಫ್. ಅಣ್ಣಿಗೇರಿ ಅಂತ ಇದೆ, ಎರಡು ಸಲ ಓದಿದೆ, ಒಂದಕ್ಷರವನ್ನೂ ನುಂಗಿಲ್ಲ. ಇವತ್ತು ಅಮಾವಾಸ್ಯೆ. ಬೆಳಗಿನ ಬಿಸಿಲು ಬಿದ್ದಾಗ ನಿನ್ನ ಹಾಗೆಯೇ ಬೆರಳಿಟ್ಟು ನೋಡಿದೆ. ಎಡಭುಜದ ಮೇಲೆ, ನೀನು ಹೇಳಿದ ಜಾಗದಲ್ಲೇ, ಆ ಎಲುಬು ಸೊಟ್ಟ ಕೂಡಿದೆ.

ನಿನ್ನ ಶಾಂತಾ