ಕಟ್ಟದ ಕಾರ್ಖಾನೆಗೆ ಬೊಟ್ಟಿಲ್ಲದ ಹಣೆ

ವಿದ್ಯುನ್ಮಾನ ಉದ್ಯಮ ಉತ್ತೇಜನ ಕಚೇರಿಯ ಮಾನ್ಯ ನಿರ್ದೇಶಕರೇ,

ನನ್ನ ಹೆಂಡತಿ ಗಂಗರತ್ನಮ್ಮನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮೂಲಪ್ರತಿ ಎರಡು ವರ್ಷದಿಂದ ತಮ್ಮ ಕಚೇರಿಯ ಬೀರುವಿನಲ್ಲಿದೆ. ತಾವು ಕಟ್ಟಲಿರುವ ಚಿಪ್ ಕಾರ್ಖಾನೆ ಇನ್ನೂ ತಮ್ಮ ಮನಸ್ಸಿನಲ್ಲಿದೆ. ಎರಡರಲ್ಲಿ ಒಂದನ್ನಾದರೂ ಹೊರಗೆ ತೆಗೆಯಿರಿ. ಪತ್ರಿಕೆಯ ಮೂಲಕ ಏಕೆ ಕೇಳುತ್ತಿದ್ದೇನೆಂದರೆ, ಕಚೇರಿಗೆ ಬರೆದ ಪತ್ರಗಳಿಗೆಲ್ಲ ಬಂದ ಉತ್ತರ ಒಂದೇ: ಪರಿಶೀಲನೆಯಲ್ಲಿದೆ.

ತೊಂಬತ್ತನಾಲ್ಕರಲ್ಲಿ ತಾವು ಉರಿಗಾಂನ ಹಳೆಯ ಗೋದಾಮೊಂದರ ಕಿಟಕಿಗಳಿಗೆ ಟೇಪು ಅಂಟಿಸಿ ತರಬೇತಿ ಕೋಣೆ ಮಾಡಿದಿರಿ. ಸೇರಿದ ಹೆಂಗಸರ ಅಂಕಪಟ್ಟಿಗಳನ್ನು ಅಂದೇ ತೆಗೆದಿಟ್ಟುಕೊಂಡಿರಿ. ಒಂದು ಕಣ ಧೂಳು ಬಿದ್ದರೂ ಚಿಪ್ ಕೆಡುತ್ತದೆ. ಆದ್ದರಿಂದ ಹೂವು, ಪೌಡರು, ಗಾಜಿನ ಬಳೆ, ಕುಂಕುಮ ಯಾವುದೂ ಬೇಡ ಎಂದಿರಿ. ವಿಜ್ಞಾನದ ಮಾತು, ಒಪ್ಪಿದೆವು. ಕಿಟಕಿಯಾಚೆ ಚಿನ್ನದ ಗಣಿಯ ಸೈನೈಡ್ ತ್ಯಾಜ್ಯದ ದಿಬ್ಬದಿಂದ ಆಷಾಢದ ಗಾಳಿ ಇಡೀ ಊರಿಗೆ ಧೂಳೆರಚುತ್ತಿದ್ದಾಗ, ದೋಷ ಕಂಡದ್ದು ಹೆಂಗಸರ ಹಣೆಯಲ್ಲಿ ಮಾತ್ರ. ಆದರೂ ನನ್ನ ಹೆಂಡತಿ ಸೂಕ್ಷ್ಮದರ್ಶಕದ ಕೆಳಗೆ ಕೂದಲಿಗಿಂತ ಸಣ್ಣ ಚಿನ್ನದ ತಂತಿ ಬೆಸೆಯುವುದನ್ನು ಕಲಿತಳು, ಖುಷಿಯಿಂದಲೇ ಕಲಿತಳು.

ತರಬೇತಿ ಮುಗಿಯಿತು, ಶಿಸ್ತು ಮುಗಿಯಲಿಲ್ಲ. ಹೂಡಿಕೆದಾರರು ಯಾವ ದಿನ ಬೇಕಾದರೂ ಬರಬಹುದು, ಆ ದಿನ ಶಿಸ್ತು ತಪ್ಪಿದವರ ಅಂಕಪಟ್ಟಿ ತಡೆಹಿಡಿಯಲಾಗುವುದು ಎಂದು ಸುತ್ತೋಲೆ ಬಂತು. ಅವರು ಬಂದರು, ಬಿಳಿ ನಿಲುವಂಗಿ ತೊಟ್ಟು ನಿಂತ ಹೆಂಗಸರನ್ನು ನೋಡಿದರು, ಕಾಫಿ ಕುಡಿದು ಹೋದರು. ಸುತ್ತೋಲೆ ಹೋಗಲಿಲ್ಲ; ಮತ್ತೆ ಯಾವಾಗ ಕರೆ ಬರುವುದೋ ಎಂದು ಹೆಂಗಸರ ಹಣೆ ದಿನವೂ ಬರಿದು.

ಹೋದ ತಿಂಗಳು ಬಂಗಾರಪೇಟೆ ಬಸ್ ನಿಲ್ದಾಣದಲ್ಲಿ ಅವಳ ತವರೂರಿನ ಮುನಿಶಾಮಮ್ಮ ಅವಳ ಕೈ ಹಿಡಿದು ಅಳತೊಡಗಿದರು.

"ಯಾವಾಗಾಯ್ತೇ ಮಗಾ? ನಮ್ಗೊಂದು ಮಾತು ಏಳ್ಕಳಿಸ್ಬಾರ್ದಾ?"

"ಏನತ್ತೆ ಆಗಿದ್ದು?"

"ನಿನ್ ಗಂಡ..."

"ಅಗೋ, ಅಲ್ಲಿ ಬಾಳೆಣ್ಣಿಗೆ ಚೌಕಾಸಿ ಮಾಡ್ತಾವ್ರೆ."

"ಮತ್ತೆ ಅಣೇಲಿ ಬೊಟ್ಟಿಲ್ವಲ್ಲೇ!"

"ಫ್ಯಾಕ್ಟ್ರೀಲಿ ಇಕ್ಕೋಬಾರ್ದು ಅಂದವ್ರೆ."

"ಅದ್ಯಾವ ಫ್ಯಾಕ್ಟ್ರಿ? ಎಲ್ಲದೆ?"

"ಇನ್ನೂ ಕಟ್ಟಿಲ್ಲ ಅತ್ತೆ."

ಮುನಿಶಾಮಮ್ಮ ಹಣ್ಣಿನ ಚೀಲ ಹಿಡಿದು ಬಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಖಚಿತಪಡಿಸಿಕೊಂಡರು. "ಕಟ್ದೇ ಇರೋ ಫ್ಯಾಕ್ಟ್ರಿಗೆ ಬದ್ಕಿರೋ ಗಂಡನ್ನ ಸಾಯ್ಸಿಬುಟ್ರಲ್ಲಪ್ಪಾ!"

ಅವರಿಗೆ ನಾನು ಚಿಪ್ ಉದ್ಯಮದ ಏರಿಳಿತವನ್ನು ವಿವರಿಸಬೇಕಿತ್ತೇ? ಈ ವರ್ಷ ಜಗತ್ತಿನಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ಕುಸಿದಿದೆ, ನಿಜ. ನಾನು ಅನುವಾದದ ಕಾದಂಬರಿಗಳನ್ನು ಓದುವವನು. ಒಂದೇ ಮಾತು ಎರಡು ಭಾಷೆಯಲ್ಲಿ ಹೇಗೆ ಬದಲಾಗುತ್ತದೆಂದು ನೋಡುವ ಅಭ್ಯಾಸವಿದೆ. ಹೂಡಿಕೆದಾರರಿಗಾಗಿ ತಾವು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಕೈಪಿಡಿ, ಕುಸಿತವೇ ಹಣ ಹೂಡಲು ಸರಿಯಾದ ಸಮಯ, ಎರಡು ವರ್ಷದಲ್ಲಿ ಮಾರುಕಟ್ಟೆ ಮೇಲೇಳುತ್ತದೆ, ಆಗ ಕಾರ್ಖಾನೆ ಸಿದ್ಧವಿದ್ದವರೇ ಗೆಲ್ಲುತ್ತಾರೆ ಎನ್ನುತ್ತದೆ. ಅದೇ ತಿಂಗಳು ಈ ಹೆಂಗಸರಿಗೆ ಕನ್ನಡದಲ್ಲಿ ಬಂದ ಪತ್ರ, ಕುಸಿತದ ಕಾರಣ ಕಾರ್ಖಾನೆ ಮುಂದೂಡಲಾಗಿದೆ, ತಾಳ್ಮೆಯಿಂದಿರಿ ಎನ್ನುತ್ತದೆ. ಒಂದೇ ಕುಸಿತ ಇಂಗ್ಲಿಷಿನಲ್ಲಿ ಅವಕಾಶ, ಕನ್ನಡದಲ್ಲಿ ತಾಳ್ಮೆ. ಇಂಥ ಅನುವಾದವನ್ನು ನಾನು ಬೇರೆಲ್ಲೂ ಓದಿಲ್ಲ.

ಅದೇ ಕೈಪಿಡಿಯಲ್ಲಿ, ಭೂಮಿ ಮತ್ತು ವಿದ್ಯುತ್ತಿನ ನಂತರ, 'ತರಬೇತಾದ ಶಿಸ್ತಿನ ಮಹಿಳೆಯರು ಸದಾ ಸಿದ್ಧ' ಎಂಬ ಸಾಲಿದೆ. ಅಂಕಪಟ್ಟಿ ಏಕೆ ಹಿಂದಿರುಗುತ್ತಿಲ್ಲವೆಂದು ಆಗ ಅರ್ಥವಾಯಿತು. ಅವರು ಬೇರೆ ಕೆಲಸಕ್ಕೆ ಹೋದರೆ ಹೂಡಿಕೆದಾರರಿಗೆ ತೋರಿಸಲು ತಮ್ಮ ಬಳಿ ಉಳಿಯುವುದೇನು, ಟೇಪು ಅಂಟಿಸಿದ ಗೋದಾಮೇ?

ಬೂದಿಕೋಟೆಯ ಹಾಲಿನ ಡೇರಿಯಲ್ಲಿ ಪರೀಕ್ಷಕಿಯ ಕೆಲಸಕ್ಕೆ ಅವಳು ಆಯ್ಕೆಯಾಗಿದ್ದಾಳೆ. ಬರುವ ತಿಂಗಳ ಐದರೊಳಗೆ ಮೂಲಪ್ರತಿ ತೋರಿಸದಿದ್ದರೆ ಆ ಕೆಲಸ ಬೇರೆಯವರಿಗೆ. ಡೇರಿಯವರು ಹಾಲಿನಲ್ಲಿ ನೀರು ಹುಡುಕುತ್ತಾರೆ, ಹಣೆಯಲ್ಲಿ ಧೂಳನ್ನಲ್ಲ. ಹಾಗಾದರೆ ಇವತ್ತೇ ಬೊಟ್ಟಿಟ್ಟುಕೋ ಎಂದೆ. "ಮಾರ್ಕ್ಸ್ ಕಾರ್ಡ್ ಕೈಗೆ ಬರ್ಲಿ," ಎಂದಳು. "ಇವ್ರು ಒಳಕ್ಕೆ ಸೇರಿಸ್ಕೊಳ್ದೇನೇ ಒರಕ್ಕೆ ಆಕೋ ಜನ."

ಆದ್ದರಿಂದ ನಿರ್ದೇಶಕರೇ, ಅಂಕಪಟ್ಟಿಗಳನ್ನು ಐದರೊಳಗೆ ಹಿಂದಿರುಗಿಸಿ, ಅವಳದನ್ನು ಮಾತ್ರವಲ್ಲ, ಎಲ್ಲರದನ್ನೂ. ಮಾರುಕಟ್ಟೆ ಮೇಲೆದ್ದ ದಿನ ಕರೆಯಿರಿ; ಬಿಡುವಿದ್ದರೆ ಬರುತ್ತಾರೆ. ಬೊಟ್ಟನ್ನು ಬಾಗಿಲಲ್ಲಿ ಒರೆಸಿಕೊಳ್ಳಲು ಅವರಿಗೆ ಗೊತ್ತಿದೆ. ಮೊದಲು ಬಾಗಿಲೊಂದಿರಲಿ.

ಇಂತಿ,
ತಮ್ಮ ಯೋಜನೆಯ ಹೊರತಾಗಿಯೂ ಜೀವಂತವಾಗಿರುವ ಗಂಡ,
ಚಂದ್ರಶೇಖರ್, ಉರಿಗಾಂ
ಸೆಪ್ಟೆಂಬರ್ ೧೯೯೬